ಕಟ್ಟೆಯ ನಾಗರು

ವೈಟ್‌ಫೀಲ್ಡಿನ ಗಾಜಿನ ಸೌಧಗಳ ನಡುವೆಯಾಗಲಿ, ಪೀಣ್ಯದ ಕಾರ್ಖಾನೆಗಳ ಮಗ್ಗುಲಿನಲ್ಲಾಗಲಿ, ಒಂದು ಅರಳಿಮರವೂ, ಅದಕ್ಕೆ ಮದುವೆಮಾಡಿಸಿದ ಬೇವೂ, ಸುತ್ತಲೊಂದು ಕಟ್ಟೆಯೂ, ಅದರ ಮೇಲೆ ಅರಿಸಿನ ಕುಂಕುಮಗಳಿಂದ ಮುಖ ಮರೆಯಾದ ನಾಲ್ಕಾರು ನಾಗರಕಲ್ಲುಗಳೂ ಕಂಡುವೆಂದರೆ, ಅಲ್ಲಿ ಬಡಾವಣೆಗಿಂತ ಮೊದಲೇ ಒಂದು ಊರು ಇದ್ದಿತೆಂದು ತಿಳಿಯತಕ್ಕದ್ದು.

ಒಂಟಿ ಹೆಡೆ, ಐದು ಅಥವಾ ಏಳು ಹೆಡೆ, ಸೊಂಟದಿಂದ ಮೇಲೆ ಸ್ತ್ರೀರೂಪ ತಳೆದ ನಾಗಿಣಿ, ಹೆಣೆದುಕೊಂಡ ಜೋಡಿ: ಮುಖ್ಯವಾದ ಬಗೆಗಳು ಇಷ್ಟೇ. ಆಯುಧ ಹಿಡಿದ ಯೋಧನಿದ್ದರೆ ಅದು ವೀರಗಲ್ಲು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ, ಸುಮಾರು 890ರ ಶಾಸನವೊಂದು ‘ಬೆಂಗಳೂರ ಕಾಳಗ’ವನ್ನು ಹೆಸರಿಸುವ ಆ ಗಂಗರ ಕಾಲದ ನೆಲೆಯಲ್ಲಿ, ವೀರಗಲ್ಲಿನ ಪರಿಚಯ ಮಾಡಿಕೊಳ್ಳಬಹುದು. ಅದು ಸತ್ತವನ ಕಲ್ಲು. ನಾಗರಕಲ್ಲಾದರೋ ಬಹುಮಟ್ಟಿಗೆ ಇನ್ನೂ ಹುಟ್ಟಬೇಕಾದ ಕೂಸಿನದು.

ಇದನ್ನು ಹಾವಿನ ಸಮಾಧಿಯೆಂದು ಭಾವಿಸುವವರುಂಟು. ಸರ್ಪಹತ್ಯೆಯ ಪ್ರಾಯಶ್ಚಿತ್ತಕ್ಕಾಗಿ ನಿಲ್ಲಿಸಿದ ಕಲ್ಲುಗಳೂ ಇಲ್ಲದಿಲ್ಲ. ಆದರೆ ಸಾಮಾನ್ಯವಾಗಿ ಸಂತಾನಾಪೇಕ್ಷೆಯಿಂದ ಹರಕೆ ಹೊತ್ತ ದಂಪತಿಗಳು ಕಲ್ಲು ಕೆತ್ತಿಸಿ, ಅದನ್ನು ಕೆರೆಯಲ್ಲಿಯೋ ಬಾವಿಯಲ್ಲಿಯೋ ಕೆಲಕಾಲ ಮುಳುಗಿಸಿಟ್ಟು, ಆ ಜಲಾಧಿವಾಸ ಮುಗಿದ ಬಳಿಕ ಮೇಲೆತ್ತಿ, ಪ್ರಾಣಪ್ರತಿಷ್ಠೆ ಮಾಡಿಸಿ, ಮರದಡಿಯಲ್ಲಿ ನಿಲ್ಲಿಸುತ್ತಿದ್ದರು. ಆದುದರಿಂದ ಕೆರೆಯನ್ನು ಬಿಟ್ಟು ಕಲ್ಲನ್ನು ಮಾತ್ರ ನೋಡುವುದು ಅರ್ಧ ನೋಟ. (ಹೆಸರಿನ ಸಾಮ್ಯವನ್ನು ನೆಚ್ಚಿ ನಾಗಾಲ್ಯಾಂಡಿನ ಜನರನ್ನು ಈ ಆರಾಧನೆಗೆ ಗಂಟುಹಾಕಬಾರದು, ಆದರೂ ಊರಿಗೆಲ್ಲ ಔತಣವಿಟ್ಟ, ಅಲ್ಲಿನ ಅಂಗಾಮಿ ಬುಡಕಟ್ಟಿನ ಗೃಹಸ್ಥನು ಜನರಿಂದ ಕಲ್ಲೆಳೆಸಿ ನಿಲ್ಲಿಸುತ್ತಿದ್ದ ಪದ್ಧತಿಯನ್ನು ಓದಿದಾಗಲೆಲ್ಲ ನನಗೆ ನಮ್ಮ ಕಟ್ಟೆಯ ನೆನಪಾಗುತ್ತದೆ. ಅಲ್ಲಿಯೂ ಕಲ್ಲು ನಿಲ್ಲುವುದು ಬದುಕಿರುವವನ ಕಾರ್ಯವೊಂದು ನೆರವೇರಿತೆಂಬುದಕ್ಕೆ.)

ಇನ್ನು ನನಗೆ ಬಹು ಪ್ರಿಯವಾದ ಜೋಡಿನಾಗರ ವಿಷಯ. ಎರಡು ಹಾವುಗಳು ಹಗ್ಗದಂತೆ ಹೊಸೆದುಕೊಂಡು, ನಡುವಣ ಸಂದಿನಲ್ಲಿ ಪುಟ್ಟ ಲಿಂಗವನ್ನು ತಾಳಿ, ಮೇಲೆ ಹೆಡೆಗೆ ಹೆಡೆಯಿಟ್ಟು ನಿಂತಿರುವ ಈ ರೂಪವನ್ನು ಎಲ್ಲರೂ ಮಿಥುನವೆಂದೇ ಹೇಳುತ್ತಾರೆ. ಬಯಲಿನಲ್ಲಿ ಕೇರೆಹಾವುಗಳು ಹೀಗೆ ಹೆಣೆದುಕೊಂಡು ಎದ್ದಾಗ, ಒಂದು ಕೇರೆ, ಇನ್ನೊಂದು ನಾಗರವೆಂದು ಸಾಧಿಸುತ್ತ, ಹೊಸ ಬಟ್ಟೆ ಹೊದಿಸಲು ಓಡುತ್ತಾರೆ. ದಿಟವಾಗಿ ಹಾಗೆ ಏಳುವವು ಸಾಮಾನ್ಯವಾಗಿ ಎರಡು ಗಂಡು ಕೇರೆಗಳು. ಒಂದರ ತಲೆಯನ್ನು ಇನ್ನೊಂದು ನೆಲಕ್ಕೊತ್ತಲು ಹವಣಿಸುತ್ತದೆ. ಒತ್ತಿಸಿಕೊಂಡದ್ದು ಜಾರುತ್ತದೆ, ಮತ್ತೆ ಏಳುತ್ತದೆ. ಕಚ್ಚಾಟವಿಲ್ಲದ ಈ ಮಲ್ಲಯುದ್ಧವು ಸೋತದ್ದು ಸರಸರನೆ ಹರಿದುಹೋಗುವವರೆಗೆ ನಡೆಯುತ್ತದೆ. ನಾಗರಹಾವಿನ ಗಂಡುಗಳಲ್ಲಿಯೂ ಇಂಥ ಕಾದಾಟವುಂಟು. ಹೆಣ್ಣುಗಂಡುಗಳ ಸಮಾಗಮವಾದರೋ ಬಹುತೇಕ ನೆಲದ ಮೇಲೆಯೇ, ಇಷ್ಟು ಆಡಂಬರವಿಲ್ಲದೆ ನಡೆದುಹೋಗುವಂಥದು. ಇದನ್ನು ಹೇಳಿದೊಡನೆ ಕೇಳುಗರ ಮುಖ ಬಾಡುವುದನ್ನು ಕಂಡಿದ್ದೇನೆ. ಬಾಡಬೇಕಾದ್ದಿಲ್ಲ! ಶಿಲ್ಪಿಯು ಜೀವಶಾಸ್ತ್ರ ಬರೆಯಹೊರಟವನಲ್ಲ. ಕಣ್ಣು ಕಂಡ ಹೆಣಿಗೆಗೆ ಮನಸ್ಸು ಬೇಡಿದ ಅರ್ಥವನ್ನಿತ್ತನು, ಅಷ್ಟೆ. ಹುತ್ತವೂ ಅಂತೆಯೇ: ಕಟ್ಟಿದ್ದು ಗೆದ್ದಲು, ಹೆಸರು ಹಾವಿಗೆ. ಹಾಲಿನ ಮಾತಂತೂ ಹಳೆಯದು. ಅದು ಹಾವಿನ ಆಹಾರವಲ್ಲ.

ಹೆಚ್ಚು ನೋಡಬೇಕೆನ್ನುವವರು ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯಕ್ಕೋ, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೋ ಹೋಗಿ, ಸಾಲುಸಾಲಾಗಿ ನಿಂತ ಹರಕೆಯ ಕಲ್ಲುಗಳನ್ನು ನೋಡಲಿ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ ಇದೇ. ಆದರೆ ಅಲ್ಲಿಗೆಲ್ಲ ಹೋಗುವ ಮುನ್ನ ನಿಮ್ಮ ಕಚೇರಿಯ ಹಿಂದಿನ ಕಟ್ಟೆಗೆ ಒಂದು ಕಾಗದ ಹಿಡಿದು ನಡೆಯಿರಿ: ಹೆಡೆ ಎಷ್ಟು, ಸುತ್ತು ಎಷ್ಟು, ಕೆರೆ ಯಾವ ದಿಕ್ಕಿಗಿತ್ತು, ಯಾವ ಕಲ್ಲಿಗೆ ಇನ್ನೂ ಹೊಸ ಅರಿಸಿನ ಬೀಳುತ್ತಿದೆ. ನಾಗರಪಂಚಮಿಯ ಬೆಳಗ್ಗೆ ಚೊಂಬು ಹಿಡಿದು ಬರುವ ಹಿರಿಯ ಹೆಂಗಸನ್ನು “ಈ ಕಲ್ಲು ಯಾರು ನಿಲ್ಲಿಸಿದ್ದಮ್ಮ?” ಎಂದು ಕೇಳಿ, ಆಕೆ ಹೇಳುವ ಹೆಸರನ್ನು, ರಸ್ತೆ ಅಗಲವಾಗುವುದಕ್ಕೆ ಮೊದಲು, ಬರೆದುಕೊಳ್ಳಿರಿ.