ಇಪ್ಪತ್ತು ದಿನ, ತೊಂಬತ್ತು ಪ್ರಶ್ನೆ

ಪಿಯುಸಿ ವಾರ್ಷಿಕ ಪರೀಕ್ಷೆ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಸಿಇಟಿ ಬಾಗಿಲಿಗೆ ಬಂದಿರುತ್ತದೆ. ಅದರ ಬೆನ್ನಿಗೇ ನೀಟ್. 2025ರಲ್ಲಿ ಸಿಇಟಿ ಏಪ್ರಿಲ್ ಮಧ್ಯದಲ್ಲಿ ನಡೆದರೆ ನೀಟ್ ಮೇ 4ರಂದು ನಡೆಯಿತು. ಧಾರವಾಡದಲ್ಲೋ ಬೆಳಗಾವಿಯಲ್ಲೋ ರೂಮು ಹಿಡಿದು ಎರಡು ವರ್ಷ ಕೋಚಿಂಗ್ ಪಡೆದವರ ಮಾತು ಬೇರೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ, ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಬಂದು ಓದಿದ ಹುಡುಗಿ ಈಗ ಜೀವಶಾಸ್ತ್ರದ ಎರಡು ದಪ್ಪ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತಿದ್ದಾಳೆ. ಅಪ್ಪ ಹೊಲದಿಂದ ಬಂದವರು, "ಎಷ್ಟ ದಿನ ಉಳಿದಾವ ಮಗಳ?" ಎನ್ನುತ್ತಾರೆ. "ಇಪ್ಪತ್ತ ಅದಾವ್ರಿ ಅಪ್ಪಾ" ಎನ್ನುವಾಗ ಅವಳ ದನಿ ಸಣ್ಣದಾಗುತ್ತದೆ.

ಇಪ್ಪತ್ತು ದಿನದಲ್ಲಿ ಎಲ್ಲವನ್ನೂ ಓದಲಾಗದು. ಆದರೆ ಜೀವಶಾಸ್ತ್ರದಲ್ಲಿ ಈ ಅವಧಿಗೆ ಬೆಲೆಯುಂಟು. ಭೌತಶಾಸ್ತ್ರದ ಲೆಕ್ಕ ಕೈಗೆ ಹತ್ತಲು ತಿಂಗಳುಗಳು ಬೇಕು. ಜೀವಶಾಸ್ತ್ರದ ಹೆಚ್ಚಿನ ಪ್ರಶ್ನೆಗಳು ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಿಂದ, ಚಿತ್ರಗಳಿಂದ, ಕೋಷ್ಟಕಗಳಿಂದ ಎದ್ದು ಬಂದವು. ಅಂಕವೂ ಕಡಿಮೆಯದಲ್ಲ. ನೀಟ್‌ನ 720 ಅಂಕಗಳಲ್ಲಿ 360 ಇದೊಂದೇ ವಿಷಯದ್ದು. 180 ಪ್ರಶ್ನೆಗಳಲ್ಲಿ 90 ಇಲ್ಲಿಯವೇ. ಸಿಇಟಿಯಲ್ಲಿ ಜೀವಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ.

ಮೊದಲು ಮಾಡಬೇಕಾದ ಕೆಲಸ ಓದುವುದಲ್ಲ, ಬಿಡುವುದು. ಹಳ್ಳಿಯ ಮನೆಗಳಲ್ಲಿ ಅಣ್ಣ ಓದಿದ ಗೈಡು ತಂಗಿಗೆ, ತಂಗಿಯದು ಕಾಕಾನ ಮಗನಿಗೆ ಬರುವುದು ವಾಡಿಕೆ. ಹಣ ಉಳಿಯುತ್ತದೆ, ನಿಜ. ಆದರೆ 2023ರಲ್ಲಿ ಪಠ್ಯ ಕಡಿತವಾಗಿ, 2024ರಿಂದ ನೀಟ್‌ನ ಪಠ್ಯಕ್ರಮವೂ ಬದಲಾಗಿದೆ. ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ, ಜೀವಿಗಳಲ್ಲಿ ಸಂತಾನೋತ್ಪತ್ತಿ ಎಂಬ ಪೀಠಿಕೆಯ ಅಧ್ಯಾಯ, ಆಹಾರೋತ್ಪಾದನೆ ಹೆಚ್ಚಿಸುವ ತಂತ್ರಗಳು, ಪರಿಸರ ಸಮಸ್ಯೆಗಳು ಈಗ ಹೊರಗುಳಿದಿವೆ. ಹಳೆಯ ಗೈಡು ಹಿಡಿದು ಜೀರ್ಣಾಂಗಗಳ ಕಿಣ್ವಗಳನ್ನು ಬಾಯಿಪಾಠ ಮಾಡಿದವನ ಎರಡು ದಿನ ಹಾಳು. ಇಪ್ಪತ್ತರಲ್ಲಿ ಎರಡು ದಿನ ಎಂದರೆ ಹತ್ತರಲ್ಲಿ ಒಂದು ಪಾಲು! ಈ ಗೊಂದಲ ವಿದ್ಯಾರ್ಥಿಗಳದು ಮಾತ್ರ ಎಂದುಕೊಳ್ಳಬೇಡಿ. 2024ರ ಸಿಇಟಿಯಲ್ಲಿ ಪ್ರಶ್ನೆಪತ್ರಿಕೆಗಳೇ ಪಠ್ಯದ ಗಡಿ ದಾಟಿದ್ದವು. ಒಟ್ಟು 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಆದ್ದರಿಂದ ಆ ವರ್ಷದ ಅಧಿಕೃತ ಪಠ್ಯಕ್ರಮದ ಹಾಳೆಯನ್ನು ಕಾಲೇಜಿನಿಂದ ತಂದು ಗೋಡೆಗೆ ಅಂಟಿಸಿ, ಹಳೆಯ ಗೈಡಿನಲ್ಲಿ ಬೇಡದ ಅಧ್ಯಾಯಗಳಿಗೆ ಪೆನ್ಸಿಲಿನಿಂದ ಅಡ್ಡಗೀಟು ಎಳೆಯಿರಿ. ಅರ್ಧ ಗಂಟೆಯ ಕೆಲಸ.

ಹೊಲವೇ ಪ್ರಯೋಗಶಾಲೆ

ಪಠ್ಯಕ್ರಮದಲ್ಲಿ ಐದು ಸಸ್ಯ ಕುಟುಂಬಗಳಿವೆ: ಮಾಲ್ವೇಸಿ, ಕ್ರೂಸಿಫೆರಿ, ಲೆಗ್ಯುಮಿನೋಸಿ, ಕಾಂಪೋಸಿಟಿ, ಗ್ರಾಮಿನಿ. ಏಳನೆಯ ಮಹಡಿಯಲ್ಲಿ ಕೂತು ಓದುವ ಬೆಂಗಳೂರಿನ ಹುಡುಗನಿಗೆ ಇವು ಬರೀ ಹೆಸರುಗಳು. ನಮ್ಮ ಕಡೆಯವರಿಗೆ ಹಾಗಲ್ಲ. ಹತ್ತಿ ಮತ್ತು ಬೆಂಡೆ ಮಾಲ್ವೇಸಿ. ಕೇಸರಗಳೆಲ್ಲ ಕೂಡಿ ಒಂದೇ ಕೊಳವೆಯಾಗಿರುವುದನ್ನು ಬೆಂಡೆ ಹೂವು ಸೀಳಿದರೆ ಕಣ್ಣಾರೆ ಕಾಣಬಹುದು. ಸಾಸಿವೆ ಕ್ರೂಸಿಫೆರಿ, ನಾಲ್ಕು ದಳ ಶಿಲುಬೆಯಾಕಾರ, ಆರು ಕೇಸರಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಕಡಲೆ, ತೊಗರಿ ಲೆಗ್ಯುಮಿನೋಸಿ. ಒಂಬತ್ತು ಕೇಸರಗಳದೊಂದು ಗುಂಪು, ಹತ್ತನೆಯದು ಒಂಟಿ. ಕುಸುಬೆ, ಸೂರ್ಯಕಾಂತಿ ಕಾಂಪೋಸಿಟಿ. ನಾವು ಒಂದು ಹೂವು ಎನ್ನುವುದು ನಿಜಕ್ಕೂ ನೂರಾರು ಹೂಗಳ ಗೊಂಚಲು. ಜೋಳ, ಗೋವಿನಜೋಳ, ಕಬ್ಬು ಗ್ರಾಮಿನಿ.

ಪರೀಕ್ಷೆಯ ಹೊತ್ತಿಗೆ ಹಿಂಗಾರಿ ಹೊಲ ಬರಿದಾಗಿರುತ್ತದೆ ಎಂದು ನೀವು ತಕರಾರು ತೆಗೆಯಬಹುದು. ಸರಿಯೇ. ಆದರೆ ಕಾಳು ಮನೆಯಲ್ಲಿಯೇ ಇರುತ್ತದಲ್ಲ. ರಾತ್ರಿ ನೆನೆಹಾಕಿದ ಕಡಲೆಯ ಸಿಪ್ಪೆ ತೆಗೆದು ಎರಡಾಗಿ ಬಿಡಿಸಿದರೆ ಎರಡು ಬೀಜದಳ, ನಡುವೆ ಪುಟ್ಟ ಭ್ರೂಣ. ಬಲಿತ ಕಾಳಿನಲ್ಲಿ ಭ್ರೂಣಪೋಷ ಉಳಿದಿರುವುದಿಲ್ಲ. ಔಡಲವೂ ದ್ವಿದಳವೇ, ಆದರೆ ಅದರಲ್ಲಿ ಭ್ರೂಣಪೋಷ ಉಂಟು. ಗೋವಿನಜೋಳದ ಕಾಳಿನಲ್ಲಿ ಬೀಜದಳ ಒಂದೇ. ಅದಕ್ಕೆ ಸ್ಕುಟೆಲ್ಲಮ್ ಎಂಬ ಹೆಸರು. ಇವು ಮೂರೂ ಮತ್ತೆ ಮತ್ತೆ ಪ್ರಶ್ನೆಗೆ ಸಿಗುವ ಸಂಗತಿಗಳು.

ಕಬ್ಬಿನ ಗದ್ದೆಯಂತೂ ಬೇಸಿಗೆಯಲ್ಲೂ ಹಸಿರು. ಬಿರುಬಿಸಿಲಿನಲ್ಲೂ ಅದು ಬೆಳೆಯುವುದು ಹೇಗೆ? ಕಬ್ಬು, ಜೋಳ, ಗೋವಿನಜೋಳ ಸಿ-4 ಸಸ್ಯಗಳು. ಎಲೆಯ ನಾಳಗಳ ಸುತ್ತ ದಪ್ಪಗೋಡೆಯ ಕೋಶಗಳ ಕೋಟೆ ಇರುತ್ತದೆ. ಅದೇ ಕ್ರ್ಯಾಂಜ್ ರಚನೆ. ಹೊರಗಿನ ಮೀಸೋಫಿಲ್ ಕೋಶ ಇಂಗಾಲದ ಡೈಆಕ್ಸೈಡನ್ನು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದಿಂದ ಹಿಡಿದು ಒಳಗಿನ ಕೋಶಕ್ಕೆ ದಾಟಿಸುತ್ತದೆ, ರುಬಿಸ್ಕೋ ಕೆಲಸ ಮಾಡುವುದು ಒಳಗೆ. ಹೀಗಾಗಿ ದ್ಯುತಿ ಉಸಿರಾಟದ ನಷ್ಟವಿಲ್ಲ. ಹೊಲದಲ್ಲಿನ ಬಿಟಿ ಹತ್ತಿಯೂ ಒಂದು ಪಾಠ. ಅದರೊಳಗಿನ ವಿಷ ಪ್ರೋಟೀನು ನಿಷ್ಕ್ರಿಯ ರೂಪದಲ್ಲಿರುತ್ತದೆ. ಕಾಯಿಕೊರಕದ ಕರುಳಿನ ಕ್ಷಾರದಲ್ಲಷ್ಟೇ ಅದು ಕ್ರಿಯಾಶೀಲವಾಗುವುದು.

ಒಂದು ತೊಡಕಿದೆ. ಹತ್ತನೆಯ ತನಕ ಕನ್ನಡದಲ್ಲಿ ಕಲಿತವರು ಪಿಯುಸಿಯಲ್ಲಿ ಇಂಗ್ಲಿಷ್ ಹೆಸರುಗಳ ಮುಂದೆ ತಡವರಿಸುತ್ತಾರೆ. ವಿಷಯ ಗೊತ್ತಿರುತ್ತದೆ, ಪದ ಗೊತ್ತಾಗುವುದಿಲ್ಲ. ನೀಟ್ 2017ರಿಂದ ಕನ್ನಡದಲ್ಲೂ ಬರೆಯಬಹುದಾದರೂ, ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಆದ್ದರಿಂದ ದಿನಕ್ಕೆ ಇಪ್ಪತ್ತು ಪದಗಳಂತೆ ಎಡಕ್ಕೆ ಇಂಗ್ಲಿಷ್, ಬಲಕ್ಕೆ ನಿಮ್ಮದೇ ಮಾತಿನ ಅರ್ಥ ಬರೆದಿಟ್ಟುಕೊಳ್ಳಿ. ಇಪ್ಪತ್ತು ದಿನಕ್ಕೆ ನಾನೂರು ಪದಗಳಾದವು.

ಓದಿದ್ದನ್ನೇ ಓದುವುದು

ತಾಯಿತಂದೆಗಳಿಗೆ ಮಗ ಪುಸ್ತಕದ ಮುಂದೆ ಕೂತಿದ್ದರೆ ಸಮಾಧಾನ. ಆದರೆ ಕೂತದ್ದೆಲ್ಲ ಓದಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ: ಶೇ 83ಕ್ಕೆ ಶೇ 71. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಿಗೆ ನೆನಪುಳಿದದ್ದು ಶೇ 40, ನೆನಪಿಸಿಕೊಂಡು ಬರೆದವರಿಗೆ ಶೇ 61. ಪದೇ ಪದೇ ಓದಿದಾಗ ಬರುವ 'ಎಲ್ಲಾ ಬಂತು' ಎಂಬ ಧೈರ್ಯ ಎಂಥ ಮೋಸದ್ದು ನೋಡಿ.

ಹಾಗಾಗಿ ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. ಹೃದಯದ ಚಿತ್ರ ಬಿಡಿಸಿ ಭಾಗ ಗುರುತಿಸಿ. ತಪ್ಪಿದ್ದನ್ನು ಮಾತ್ರ ಮತ್ತೆ ಓದಿ. ಸಂಜೆ ಹಳೆಯ ಪ್ರಶ್ನೆಪತ್ರಿಕೆಯ ಆ ಅಧ್ಯಾಯದ ಪ್ರಶ್ನೆಗಳು. ಮೂರು ದಿನ ಬಿಟ್ಟು ಅದೇ ಹಾಳೆ ಇನ್ನೊಮ್ಮೆ. ಇಂಗ್ಲಿಷ್ ಬಾರದ ಅವ್ವನೂ ಇದಕ್ಕೆ ನೆರವಾಗಬಹುದು. "ಹೇಳ ನೋಡೂಣು, ರಕ್ತ ಎಲ್ಲಿಂದ ಎಲ್ಲಿಗೆ ಹೋಗತೈತಿ?" ಎಂದು ಅವಳು ರೊಟ್ಟಿ ಬಡಿಯುತ್ತ ಕೇಳಿದರೆ, ಅವಳಿಗೆ ತಿಳಿಯುವಂತೆ ಹೇಳಲು ಬಂದರೆ ಪಾಠ ಬಂದಂತೆ. ತಳಿಶಾಸ್ತ್ರ, ಮಾನವ ಶರೀರಕ್ರಿಯೆ, ಸಂತಾನೋತ್ಪತ್ತಿ, ಪರಿಸರ ವಿಜ್ಞಾನ, ಜೈವಿಕ ತಂತ್ರಜ್ಞಾನ ಮೊದಲು ಮುಗಿಯಲಿ. ಕೊನೆಯ ನಾಲ್ಕು ದಿನ ಹೊಸ ಅಧ್ಯಾಯ ಮುಟ್ಟಬೇಡಿ. ನಿದ್ದೆ ಕದಿಯಬೇಡಿ.

ಊಹೆಯ ವಿಷಯದಲ್ಲಿ ಎರಡು ಪರೀಕ್ಷೆಗಳ ನಡತೆ ಬೇರೆ ಬೇರೆ. ಸಿಇಟಿಯಲ್ಲಿ ತಪ್ಪಿಗೆ ದಂಡವಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ತಪ್ಪೆಂದು ಗೊತ್ತಾದರೆ ಉಳಿದೆರಡರಲ್ಲೊಂದನ್ನು ಗುರುತಿಸುವುದು ಲಾಭವೇ. ಸರಾಸರಿ ಒಂದೂವರೆ ಅಂಕ. ಏನೂ ತಿಳಿಯದೆ ಗುರುತಿಸಿದರೆ ಸಿಗುವುದು ಸರಾಸರಿ ಕಾಲು ಅಂಕ, ಅದಕ್ಕಾಗಿ ಹೊತ್ತು ಕಳೆಯಬಾರದು. ಜೀವಶಾಸ್ತ್ರದ 90 ಪ್ರಶ್ನೆಗಳನ್ನು 50 ನಿಮಿಷದಲ್ಲಿ ಮುಗಿಸಿದರೆ ಭೌತಶಾಸ್ತ್ರಕ್ಕೆ ಉಸಿರು ಸಿಗುತ್ತದೆ.

ಪಾಲಕರು ಇನ್ನೊಂದನ್ನು ತಿಳಿದಿರಬೇಕು. ಬೆಳಗಾವಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳಷ್ಟೇ ದಾರಿಯಲ್ಲ. ಧಾರವಾಡದ ಕೃಷಿ, ಅರಭಾವಿಯ ತೋಟಗಾರಿಕೆ, ಶಿರಸಿಯ ಅರಣ್ಯ, ಗದಗಿನ ಪಶುವೈದ್ಯಕೀಯ ಕಾಲೇಜುಗಳ ರಾಜ್ಯ ಕೋಟಾದ ಸೀಟುಗಳಿಗೆ ಸಿಇಟಿಯೇ ಬಾಗಿಲು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಸಲಕರಣೆ ಗುರುತಿಸುವ ಆ ಪರೀಕ್ಷೆಗೆ ನಮ್ಮ ಮಕ್ಕಳು ಹುಟ್ಟಿದಂದಿನಿಂದಲೇ ಓದಿದ್ದಾರೆ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಆ ಓಡಾಟವನ್ನು ಅಪ್ಪ ಈಗಲೇ ವಹಿಸಿಕೊಂಡರೆ ಮಗಳಿಗೆ ಒಂದು ದಿನ ಉಳಿಯುತ್ತದೆ. 2025ರ ನೀಟ್ ಮಧ್ಯಾಹ್ನ 2ಕ್ಕೆ ಆರಂಭವಾದರೂ ಗೇಟು 1.30ಕ್ಕೇ ಮುಚ್ಚಿತ್ತು. ಕೇಂದ್ರ ದೂರದ ಊರಿನಲ್ಲಿದ್ದರೆ ಹಿಂದಿನ ಸಂಜೆಯ ಬಸ್ಸಿಗೇ ಹೊರಡಿ.