ಹೆರಿಗೆ ಕೋಣೆಯಲ್ಲಿ ಜೊತೆಗಾತಿ: ಸಿಬ್ಬಂದಿಯೊಡನೆ ಹೊಂದಾಣಿಕೆ ಹೇಗೆ?

ವಿಜಯಪುರ: ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿ, ತಾಂಡಾಗಳಿಂದ ಹೆರಿಗೆ ನೋವಿನೊಡನೆ ಹೊರಡುವ ಗರ್ಭಿಣಿ ಆಸ್ಪತ್ರೆಗೆ ಒಬ್ಬಳೇ ಬರುವುದು ಅಪರೂಪ. ತಾಯಿ, ಅತ್ತೆ, ನೆರೆಮನೆಯ ಹಿರಿಯಳು ಅಥವಾ ಆಶಾ ಕಾರ್ಯಕರ್ತೆ ಜೊತೆಗಿರುತ್ತಾರೆ. ಆದರೆ ಈ ಜೊತೆಗಾತಿ ಹೆರಿಗೆ ಕೋಣೆಯ ಒಳಗೆ ಹೋಗಬಹುದೇ? ಹೋದರೆ ಆಕೆಯ ಕೆಲಸವೇನು? ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ದೊರೆಯದಿದ್ದಾಗ ಸಿಬ್ಬಂದಿ ಮತ್ತು ಕುಟುಂಬದವರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ.

ಸೂಲಗಿತ್ತಿಯೇ ಬೇರೆ, ಡೌಲಾ ಬೇರೆ

ಹೆರಿಗೆಯ ವೇಳೆ ಪಕ್ಕದಲ್ಲಿದ್ದು ಧೈರ್ಯ ಹೇಳುವ, ಬೆನ್ನು ನೀವುವ, ಉಸಿರಾಟಕ್ಕೆ ನೆರವಾಗುವ ತರಬೇತಿ ಪಡೆದ ಜೊತೆಗಾತಿಯನ್ನು ‘ಡೌಲಾ’ ಎನ್ನುತ್ತಾರೆ. ಆಕೆ ಹೆರಿಗೆ ಮಾಡಿಸುವುದಿಲ್ಲ, ಔಷಧ ನೀಡುವುದಿಲ್ಲ.

ನಮ್ಮ ಸೂಲಗಿತ್ತಿಯರು ಎರಡೂ ಹೊಣೆಯನ್ನು ಹೊತ್ತಿದ್ದರು. ಪಾವಗಡ ತಾಲ್ಲೂಕಿನಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದ, 2018ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಸೂಲಗಿತ್ತಿ ನರಸಮ್ಮ ಇದಕ್ಕೆ ಉತ್ತಮ ನಿದರ್ಶನ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಜಾರಿಯಾದ ಬಳಿಕ ಆಸ್ಪತ್ರೆ ಹೆರಿಗೆಗೆ ಉತ್ತೇಜನ ದೊರೆಯಿತು. ಹೆರಿಗೆ ಮಾಡಿಸುವ ಕಾರ್ಯ ವೈದ್ಯರು, ದಾದಿಯರ ಕೈಸೇರಿತು. ಧೈರ್ಯ ತುಂಬುವ ಕಾರ್ಯ ಮಾತ್ರ ಬಾಗಿಲಿನಾಚೆಯೇ ಉಳಿಯಿತು.

ನಿಯಮ ಏನು ಹೇಳುತ್ತದೆ?

ಈ ಕೊರತೆಯನ್ನು ಮನಗಂಡ ಕೇಂದ್ರ ಆರೋಗ್ಯ ಸಚಿವಾಲಯವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾತಿಗೆ 2016ರಲ್ಲಿ ಅವಕಾಶ ಕಲ್ಪಿಸಿತು. ಆಕೆ ಸ್ವತಃ ಹೆತ್ತ ಅನುಭವವುಳ್ಳ ಬಂಧುವಾಗಿದ್ದರೆ ಉತ್ತಮ. ಸಾಂಕ್ರಾಮಿಕ ರೋಗ ಇರಬಾರದು, ಶುಭ್ರ ಉಡುಪು ಧರಿಸಿರಬೇಕು, ಹೆರಿಗೆ ಮುಗಿಯುವವರೆಗೂ ಜೊತೆಗಿರಬೇಕು. ಚಿಕಿತ್ಸೆಯಲ್ಲಿ ತಲೆಹಾಕಬಾರದು, ಕೋಣೆಯಲ್ಲಿರುವ ಇತರ ಮಹಿಳೆಯರ ಆರೈಕೆಗೆ ಮುಂದಾಗಬಾರದು. 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ಗೌರವಯುತ ಹೆರಿಗೆ ಆರೈಕೆಗೆ ಒತ್ತು ನೀಡಿದೆ. ಖಾಸಗಿ ಆಸ್ಪತ್ರೆಗಳಲ್ಲಿ ಅಲ್ಲಿನ ಪದ್ಧತಿಯನ್ನು ಮುಂಚಿತವಾಗಿ ವಿಚಾರಿಸುವುದು ಒಳಿತು.

ಇದು ಕೇವಲ ಸಮಾಧಾನದ ಮಾತಲ್ಲ. 15,000ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡಿದ್ದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಪರಿಶೀಲಿಸಿತು. ನಿರಂತರ ಆಸರೆ ದೊರೆತವರಲ್ಲಿ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಸಾಧ್ಯತೆ ಕಡಿಮೆ, ನೋವಿನ ಅವಧಿಯೂ ಕಿರಿದು ಎಂಬುದು ಕಂಡುಬಂತು. ಹೆರಿಗೆಯ ವೇಳೆ ಮಹಿಳೆಯ ಇಚ್ಛೆಯ ಜೊತೆಗಾರರಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ.

ಹೊಂದಾಣಿಕೆಯ ದಾರಿ

ಸಿಬ್ಬಂದಿಯ ಆತಂಕಕ್ಕೂ ಕಾರಣವಿದೆ. ಒಂದೇ ಕೋಣೆಯಲ್ಲಿ ಹಲವು ಮಂಚಗಳಿದ್ದರೆ ಇತರರ ಮಾನ ಕಾಯಬೇಕು. ಜನಸಂದಣಿ ಹೆಚ್ಚಿದರೆ ಸೋಂಕಿನ ಭಯ. ಮಂಚಗಳ ನಡುವೆ ಪರದೆ ಹಾಕಿ, ಒಬ್ಬರನ್ನೇ ಒಳಗೆ ಬಿಟ್ಟರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಜೊತೆಗಾತಿ ಯಾರೆಂಬುದನ್ನು ಗರ್ಭಿಣಿಯೇ ನಿರ್ಧರಿಸಿ, ತಪಾಸಣೆಯ ದಿನವೇ ದಾದಿಯರಿಗೆ ಪರಿಚಯಿಸಬೇಕು. ಆಶಾ ಕಾರ್ಯಕರ್ತೆ ಇದಕ್ಕೆ ನೆರವಾಗಬಲ್ಲರು. ಜೊತೆಗಾತಿ ಹೊಟ್ಟೆ ಒತ್ತುವುದು, ನಾಟಿ ಔಷಧ ಕೊಡುವುದು ಸಲ್ಲದು. ಸಂದೇಹ ಬಂದರೆ ಜಗಳಕ್ಕಿಳಿಯದೆ ‘ಸಿಸ್ಟರ್, ಇದು ಯಾಕೆ ಬೇಕು?’ ಎಂದು ಕೇಳಬಹುದು. ರಕ್ತಸ್ರಾವ, ಫಿಟ್ಸ್, ತೀವ್ರ ತಲೆನೋವು ಕಂಡರೆ ಕೂಡಲೇ ಸಿಬ್ಬಂದಿಯನ್ನು ಕರೆಯಬೇಕು. ತುರ್ತು ಚಿಕಿತ್ಸೆಯ ವೇಳೆ ಪಕ್ಕಕ್ಕೆ ಸರಿಯಬೇಕು.

ಸಿಬ್ಬಂದಿಯೂ ಗದರಿಸದೆ, ಮಾಡಲಿರುವ ಪರೀಕ್ಷೆಯ ಕಾರಣವನ್ನು ಒಂದು ಮಾತಿನಲ್ಲಿ ತಿಳಿಸಬೇಕು. ತಾಂಡಾದಿಂದ ಬಂದ ಮಹಿಳೆಗೆ ಲಂಬಾಣಿ ಭಾಷೆಯೇ ಹತ್ತಿರವಾದರೆ ಜೊತೆಗಾತಿಯೇ ಆ ಮಾತನ್ನು ತಲುಪಿಸಬಲ್ಲಳು. ಆದರೆ ಒಪ್ಪಿಗೆ ನೀಡಬೇಕಾದವಳು ಹೆರುವವಳೇ ಹೊರತು ಜೊತೆಗಾತಿಯಲ್ಲ.

ದಾದಿಯೊಬ್ಬರು ಏಕಕಾಲಕ್ಕೆ ಹಲವರನ್ನು ನೋಡಿಕೊಳ್ಳಬೇಕಾದ ಆಸ್ಪತ್ರೆಯಲ್ಲಿ, ಒಬ್ಬಳ ಪಕ್ಕದಿಂದ ಕದಲದೆ ಕೂರುವ ಜೊತೆಗಾತಿ ಹೊರೆಯಲ್ಲ, ನೆರವು. ಇಬ್ಬರೂ ತಂತಮ್ಮ ಮೇರೆಯನ್ನು ಅರಿತರೆ ಅದರ ಲಾಭ ದೊರೆಯುವುದು ತಾಯಿ ಮತ್ತು ಮಗುವಿಗೆ.