ಗುಂಪು ಮತ್ತು ಗುರಿ

‘ಗುರಿ’ ಎಂಬುದು ನಮ್ಮ ಭಾಷೆಯ ಚಿಕ್ಕ ಮಾತುಗಳಲ್ಲೊಂದು. ಅದು ಹೊರುವ ಭಾರವೋ ಬಹಳ ದೊಡ್ಡದು. ಬೇಟೆಗಾರನ ಕಣ್ಣ ಮುಂದಿರುವುದೂ ಗುರಿಯೇ, ಬಾಳಿನ ಕೊನೆಯಲ್ಲಿ ಮುಟ್ಟಬೇಕಾದುದೂ ಗುರಿಯೇ. ಈ ಮಾತು ಬಂದೊಡನೆ ನಮಗೆಲ್ಲ ನೆನಪಾಗುವುದು ದ್ರೋಣನ ಪರೀಕ್ಷೆ. ಮರವನ್ನೂ ಕೊಂಬೆಯನ್ನೂ ಕಾಣದೆ ಹಕ್ಕಿಯನ್ನಷ್ಟೇ ಕಂಡ ಅರ್ಜುನನ ಏಕಾಗ್ರತೆಯನ್ನು ತರಗತಿಯಲ್ಲಿ ಹೊಗಳದ ಮೇಷ್ಟರಿಲ್ಲ. ನಾನೂ ಹೊಗಳಿದ್ದೇನೆ. ಆದರೆ ಆ ಕಥೆಯಲ್ಲಿ ಬಾಣವನ್ನು ಕುರಿತು ಯಾರೂ ಕೇಳುವುದಿಲ್ಲ. ಹತ್ತು ಬಾಣಗಳೂ ಒಂದೇ ತೂಕದವೇ, ಒಂದೇ ನೇರದವೇ? ಅವನ್ನು ಕೆತ್ತಿದವನು ಯಾರು? ಕಣ್ಣಿನ ಕೀರ್ತಿಯಲ್ಲಿ ಈ ಪ್ರಶ್ನೆಗಳು ಮುಚ್ಚಿಹೋದುವು.

ಈ ಪ್ರಶ್ನೆಗಳನ್ನೇ ಮೊದಲು ಕೇಳುವ ಒಂದು ಜನವರ್ಗ ಉಂಟು. ಅಮೆರಿಕದಲ್ಲಿ ತಮ್ಮ ರೈಫಲ್ಲಿಗೆ ಬೇಕಾದ ತೋಟಾಗಳನ್ನು ತಾವೇ ಮನೆಯ ಮೇಜಿನ ಮೇಲೆ ತುಂಬಿಕೊಳ್ಳುವ ಹವ್ಯಾಸಿಗಳು ಅವರು. ನಾನು ಕೋವಿ ಹಿಡಿಯುವವನಲ್ಲ. ಶಿಕಾರಿ ಸಾಹಿತ್ಯದ ಬೆನ್ನು ಹಿಡಿದು ಹೋಗಿ ಈ ವಿಷಯದ ಓದಿನಲ್ಲಿ ಸಿಲುಕಿದವನು. ಆದರೂ ಅವರ ಕೆಲಸದ ಕ್ರಮದಲ್ಲಿ, ಅಳೆಯುವ ಮತ್ತು ತೀರ್ಪು ಕೊಡುವ ಕೆಲಸದಲ್ಲಿರುವ ಎಲ್ಲರಿಗೂ ಸಲ್ಲುವ ಒಂದು ವಿವೇಕವಿದೆ ಎಂದು ನನಗೆ ತೋರಿದೆ. ಅದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ತೋಟಾ ಎಂಬುದು ಬಹಳ ಹಳೆಯ ವಸ್ತುವೇನಲ್ಲ. ಮಲೆನಾಡಿನ ಕೇಪಿನ ಕೋವಿಯನ್ನು ಬಲ್ಲವರಿಗೆ ಇದು ತಿಳಿದದ್ದೇ. ಅದರಲ್ಲಿ ಪ್ರತಿಯೊಂದು ಈಡನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಮೊದಲು ಮಸಿ, ಆಮೇಲೆ ಒತ್ತು, ಆಮೇಲೆ ಗುಂಡು ಅಥವಾ ಚರೆ, ಕಡೆಯಲ್ಲಿ ಹಿಂಬದಿಗೆ ಕೇಪು. ಆ ಕೇಪಿನ ಹಿಂದಿರುವ ಉಪಾಯವನ್ನು ಮೊದಲು ಕಂಡುಕೊಂಡವನು ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿಯ ಕಿಡಿ ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತ ಆತ, ಪೆಟ್ಟಿಗೆ ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸಿ 1807ರಲ್ಲಿ ಅದರ ಹಕ್ಕುಪತ್ರ ಪಡೆದ. ಮಸಿಯೂ ಗುಂಡೂ ಒಂದೇ ಕಾಗದದ ಸುರುಳಿಯೊಳಗೆ ಸೇರಿದ್ದೂ ಉಂಟು. ಆ ಸುರುಳಿಯನ್ನು ಹಲ್ಲಿನಿಂದ ಹರಿಯಬೇಕಾಗಿ ಬಂದಾಗ, ಅದಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಶಂಕೆ 1857ರ ಕಿಚ್ಚಿಗೆ ಒಂದು ಕಾರಣವಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕಾಗದದ ಸ್ಥಾನಕ್ಕೆ ಹಿತ್ತಾಳೆ ಬಂದಮೇಲೆ ಇಂದಿನ ತೋಟಾ ಸಿದ್ಧವಾಯಿತು. ಅದರ ಅಂಗಗಳು ನಾಲ್ಕೇ: ಹಿತ್ತಾಳೆಯ ಕೊಳವೆ, ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಮೇಲೆ ಕರಿಯ ಮಸಿಯ ಕಾಲ ಮುಗಿಯುತ್ತ ಬಂತು.

ಈಡು ಹಾರಿದಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹೋಗಿಬಿಡುತ್ತದೆ, ಕೇಪು ಸತ್ತುಹೋಗುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಆ ಖಾಲಿ ಕೊಳವೆಯನ್ನು ಆರಿಸಿ ತಂದು, ತೊಳೆದು, ಉಬ್ಬಿದ ಮೈಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂಡಿಸುವುದೇ ಕೈಯಾರೆ ತೋಟಾ ತುಂಬುವ ಕಸುಬು. ಮೊದಲಿಗೆ ಇದು ಹಣದ ಉಳಿತಾಯಕ್ಕಾಗಿ ಹುಟ್ಟಿದ್ದಿರಬಹುದು. ಆದರೆ ಅದನ್ನು ವ್ರತದಂತೆ ಹಿಡಿದವರಿಗೆ ಬೇಕಾದುದು ಬೇರೆ. ಕಾರ್ಖಾನೆಯ ತೋಟಾ ಎಲ್ಲ ಕೋವಿಗಳಿಗೂ ಸಲ್ಲುವಂತೆ ಮಾಡಿದ್ದು. ಇವರಿಗೆ ತಮ್ಮ ಒಂದು ಕೋವಿಗೆ ಒಗ್ಗುವ ತೋಟಾ ಬೇಕು. ಪ್ರಕಟವಾದ ಕೋಷ್ಟಕಗಳಲ್ಲಿರುವ ಕನಿಷ್ಠ ಅಳತೆಯಿಂದ ಹೊರಟು, ಸ್ವಲ್ಪ ಸ್ವಲ್ಪವಾಗಿ ಮದ್ದನ್ನು ಏರಿಸುತ್ತ, ಪ್ರತಿ ಮೆಟ್ಟಿಲಲ್ಲೂ ಕೆಲವು ಈಡುಗಳನ್ನು ಹಾರಿಸಿ, ಹಿತ್ತಾಳೆಯ ಮೇಲೂ ಕೇಪಿನ ಮೇಲೂ ಒತ್ತಡದ ಗುರುತು ಬಿದ್ದಿದೆಯೇ ಎಂದು ನೋಡಿ, ಮುಂದೆ ಹೋಗಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುತ್ತಾರೆ. ಕೋಷ್ಟಕ ಹಾಕಿದ ಮೇರೆಯನ್ನು ದಾಟಿದರೆ ಒಡೆಯುವುದು ಕೋವಿ. ಅದರ ಹಿಂದಿರುವುದು ತುಂಬಿದವನ ಮುಖವೇ.

ಮದ್ದನ್ನು ತೂಗುವ ಮಾನ ‘ಗ್ರೇನ್’. ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ. ಹೆಸರೇ ಹೇಳುವಂತೆ ಅದು ಧಾನ್ಯದ ಕಾಳಿನಿಂದ ಬಂದ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದರ ಸಂಬಂಧಿಯೇ; ಅದು ಹೆಚ್ಚುಕಡಮೆ ಎರಡು ಗ್ರೇನ್ ತೂಗುತ್ತದೆ. ಗುಲಗಂಜಿಯ ಹತ್ತನೆಯ ಒಂದು, ಇಪ್ಪತ್ತನೆಯ ಒಂದು ಭಾಗಕ್ಕೆ ತಲೆ ಕೆಡಿಸಿಕೊಳ್ಳುವ ಈ ಜನರನ್ನು ನೋಡಿದರೆ ಹಳೆಯ ಚಿನ್ನದಂಗಡಿಯ ತಕ್ಕಡಿಯೇ ಕಣ್ಣಿಗೆ ಕಟ್ಟುತ್ತದೆ.

ಕೋವಿ ಅರೆ ಸ್ವಯಂಚಾಲಿತವಾದರೆ ಕೆಲಸ ಮತ್ತಷ್ಟು ತೊಡಕು. ಉದಾಹರಣೆಗೆ ‘ಎಂ-1 ಗ್ಯಾರಂಡ್’ ರೈಫಲನ್ನು ತೆಗೆದುಕೊಳ್ಳೋಣ. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರದಲ್ಲಿ ದುಡಿದ ಜಾನ್ ಗ್ಯಾರಂಡ್ ಅದರ ನಿರ್ಮಾಪಕ. 1936ರಲ್ಲಿ ಅದು ಅಮೆರಿಕದ ಸೈನ್ಯಕ್ಕೆ ಸೇರಿತು. ಎರಡನೆಯ ಮಹಾಯುದ್ಧವನ್ನು ಕಂಡ ಆ ರೈಫಲ್ಲುಗಳು ಇಂದು ಅಲ್ಲಿನ ನಾಗರಿಕರ ಕೈಯಲ್ಲಿ ಸ್ಪರ್ಧೆಯ ಉಪಕರಣಗಳಾಗಿವೆ. ಎಂಟು ತೋಟಾಗಳ ಕಟ್ಟನ್ನು ಮೇಲಿನಿಂದ ಒತ್ತಿ ತುಂಬಬೇಕು. ಕುದುರೆ ಎಳೆದಾಗಲೆಲ್ಲ ಒಂದೊಂದೇ ಈಡು. ಗುಂಡನ್ನು ತಳ್ಳಿದ ಅನಿಲದ ಒಂದು ಪಾಲು ನಳಿಗೆಯ ತುದಿಯ ಹತ್ತಿರವಿರುವ ಸಣ್ಣ ರಂಧ್ರದಿಂದ ಇಳಿದು ಒಂದು ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಆ ಸರಳು ಖಾಲಿ ತೋಟಾವನ್ನು ಹೊರಕ್ಕೆಸೆದು ಮುಂದಿನದನ್ನು ಒಳಗೆ ತರುತ್ತದೆ. ಎಂಟನೆಯದು ಹಾರಿದೊಡನೆ ತೋಟಾಗಳನ್ನು ಹಿಡಿದಿದ್ದ ಲೋಹದ ಪಟ್ಟಿ ಠಣ್ಣೆಂದು ಹೊರಗೆ ಜಿಗಿಯುತ್ತದೆ.

ಇಲ್ಲಿ ತುಂಬುವವನಿಗೆ ಇಬ್ಬರು ಯಜಮಾನರು. ಗುಂಡು ನೇರವಾಗಿ ಹೋಗಬೇಕು. ಜೊತೆಗೆ ಯಂತ್ರವೂ ಸರಿಯಾಗಿ ಉಸಿರಾಡಬೇಕು. ನಿಧಾನವಾಗಿ ಉರಿಯುವ ಮದ್ದು ಬೇರೆ ಕೋವಿಯಲ್ಲಿ ಸೊಗಸಾದ ಫಲ ಕೊಟ್ಟೀತು. ಈ ರೈಫಲ್ಲಿನಲ್ಲಿ ಅದು ರಂಧ್ರವನ್ನು ಮುಟ್ಟುವ ಹೊತ್ತಿಗೂ ಹೆಚ್ಚು ಒತ್ತಡವನ್ನುಳಿಸಿಕೊಂಡು ಆ ಸರಳನ್ನೇ ಬಗ್ಗಿಸಬಲ್ಲದು. ಮದ್ದು ತೀರ ಕಡಮೆಯಾದರೆ ಯಂತ್ರ ಅರ್ಧದಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಅತ್ಯುತ್ತಮವಾದದ್ದು ಅತಿ ಹೆಚ್ಚಿನದರಲ್ಲೂ ಇಲ್ಲ, ಅತಿ ಕಡಮೆಯದರಲ್ಲೂ ಇಲ್ಲ. ನಡುವೆ ಎಲ್ಲೋ ಒಂದು ಕಡೆ ಅಡಗಿ ಕೂತಿರುತ್ತದೆ. ಅದನ್ನು ಹುಡುಕುವುದಕ್ಕೆ ತಾಳ್ಮೆಯೊಂದೇ ದಾರಿ.

ಹುಡುಕಿದ್ದು ಸಿಕ್ಕಿತೆಂದು ತಿಳಿಯುವುದು ಹೇಗೆ? ಒಂದು ಅಳತೆ ವೇಗದ್ದು. ಗುಂಡಿನ ವೇಗವನ್ನು ಕಲ್ಪನೆಯಿಂದ ಬಿಡಿಸಿ ಲೆಕ್ಕಕ್ಕೆ ತಂದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೂಗುಹಾಕಿದ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತೆಂಬುದರಿಂದ ವೇಗವನ್ನು ಗಣಿಸುವ ವಿಧಾನವನ್ನು ಆತ 1742ರ ತನ್ನ ಗ್ರಂಥದಲ್ಲಿ ವಿವರಿಸಿದ. ಗಾಳಿಯ ತಡೆ ಪಂಡಿತರು ಭಾವಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ಆಗ ಗೊತ್ತಾಯಿತು. ಆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಇಂದು ಆತನ ದಿಮ್ಮಿಯ ಕೆಲಸವನ್ನು ಮೇಜಿನ ಮೇಲಿಡಬಹುದಾದ ಚಿಕ್ಕ ಉಪಕರಣ ಮಾಡುತ್ತದೆ. ಹತ್ತು ಈಡುಗಳ ವೇಗ ಒಂದಕ್ಕೊಂದು ಎಷ್ಟು ಹತ್ತಿರವಿದೆ ಎಂಬುದು ತುಂಬಿದ ಕೈಯ ಶಿಸ್ತಿಗೆ ಸಾಕ್ಷಿ.

ಇನ್ನೊಂದು ಅಳತೆ ಗುಂಪಿನದು. ಒಂದೇ ಬಿಂದುವಿಗೆ ಗುರಿಯಿಟ್ಟು ಹಲವು ಗುಂಡುಗಳನ್ನು ಹೊಡೆದಾಗ ಕಾಗದದ ಮೇಲೆ ತೂತುಗಳ ಒಂದು ಗುಂಪು ಬೀಳುತ್ತದೆ. ಗುಂಪು ಬಿಂದುವಿನ ಮೇಲೇ ಬೀಳಬೇಕೆಂದೇನೂ ಇಲ್ಲ; ಒಂದು ಗೇಣು ಆಚೆ ಬಿದ್ದರೂ ಚಿಂತೆಯಿಲ್ಲ. ಅದು ಬಿಗಿಯಾಗಿದೆಯೇ ಎಂಬುದಷ್ಟೇ ಈ ಹಂತದ ಪ್ರಶ್ನೆ. ಮನುಷ್ಯನ ಮನಸ್ಸಿಗೆ ಪರೀಕ್ಷೆ ಇರುವುದು ಇಲ್ಲಿಯೇ. ನಾಲ್ಕು ತೂತುಗಳು ಒಟ್ಟಿಗೆ ಬಿದ್ದು ಐದನೆಯದು ದೂರ ಹಾರಿದರೆ, ‘ಆಗ ನನ್ನ ಕೈ ಅಲುಗಿತ್ತು, ಅದನ್ನು ಎಣಿಸಬೇಕಾಗಿಲ್ಲ’ ಎಂದು ಮನಸ್ಸು ಪಿಸುಗುಟ್ಟುತ್ತದೆ. ಮೂರೇ ಗುಂಡು ಹೊಡೆದು ನಿಲ್ಲಿಸಿದವನು ಸುಲಭವಾಗಿ ಸಂತುಷ್ಟನಾಗುತ್ತಾನೆ. ಆದರೆ ಸಂಖ್ಯಾಶಾಸ್ತ್ರ ದಾಕ್ಷಿಣ್ಯ ತೋರುವುದಿಲ್ಲ. ಮೂರು ಗುಂಡಿನ ಗುಂಪು ಸರಾಸರಿಯಲ್ಲಿ ಒಂದು ಅಂಗುಲವಾದರೆ, ಅದೇ ಕೋವಿಯ, ಅದೇ ತೋಟಾದ ಹತ್ತು ಗುಂಡಿನ ಗುಂಪು ಒಂದೂವರೆ ಅಂಗುಲವನ್ನು ಮೀರುತ್ತದೆ. ಕೋವಿ ಕೆಟ್ಟಿಲ್ಲ, ಸತ್ಯ ಹೆಚ್ಚು ಕಂಡಿದೆ, ಅಷ್ಟೆ.

ಗುಂಪು ಬಿಗಿಯಾದಮೇಲೆ ದುರ್ಬೀನನ್ನು ಗುರಿಗೆ ಕೂಡಿಸುವ ಸರದಿ. ನೋಟ ನೇರವಾಗಿ ಹೋಗುತ್ತದೆ. ಗುಂಡು ಹಾಗೆ ಹೋಗಲಾರದು. ಗ್ಯಾರಂಡಿನ ಗುಂಡು ಸೆಕೆಂಡಿಗೆ ಸುಮಾರು 850 ಮೀಟರು ವೇಗದಲ್ಲಿ ಹೊರಟರೂ, 100 ಮೀಟರು ಮುಟ್ಟುವಷ್ಟರಲ್ಲಿ ಭೂಮಿ ಅದನ್ನು ಸುಮಾರು 7 ಸೆಂಟಿಮೀಟರು ಕೆಳಕ್ಕೆ ಎಳೆದಿರುತ್ತದೆ. ಆದ್ದರಿಂದ ನಳಿಗೆ ಎಂದೂ ನೋಟದ ರೇಖೆಗಿಂತ ತುಸು ಮೇಲಕ್ಕೆ ಮುಖ ಮಾಡಿರಬೇಕು. ದುರ್ಬೀನಿನ ಎರಡು ತಿರುಪುಗಳಲ್ಲಿ ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ. ಒಂದೊಂದು ‘ಟಕ್’ ಎಂಬ ಸದ್ದಿಗೆ 100 ಗಜದಲ್ಲಿ ಸಾಮಾನ್ಯವಾಗಿ ಕಾಲು ಅಂಗುಲದಷ್ಟು ಬದಲಾವಣೆ. ಗ್ಯಾರಂಡಿನಲ್ಲಿ ಇನ್ನೂ ಒಂದು ವಿಶೇಷ. ತೋಟಾದ ಕಟ್ಟು ಮೇಲಿನಿಂದ ಒಳಗೆ ಹೋಗಬೇಕಾದ್ದರಿಂದ, ಅದರ ‘ಎಂ-1 ಸಿ’ ಎಂಬ ಬಗೆಯಲ್ಲಿ ದುರ್ಬೀನನ್ನು ನಡುವೆ ಕೂರಿಸಲಾಗದೆ ಎಡಗಡೆಗೆ ಸರಿಸಿದರು. ಹಾಗಾಗಿ ಗುಂಡು ನೋಟದ ಬಲಗಡೆಯಿಂದ ಹೊರಟು, ಕೂಡಿಸಿದ ದೂರದಲ್ಲಿ ನೋಟವನ್ನು ಸಂಧಿಸಿ, ಅದನ್ನು ದಾಟಿದಮೇಲೆ ಎಡಕ್ಕೆ ಸರಿಯುತ್ತದೆ. ಒಂದು ದೂರದಲ್ಲಿ ಪೂರ್ಣ ಸತ್ಯವಾದದ್ದು ಮತ್ತೊಂದು ದೂರದಲ್ಲಿ ಅಷ್ಟೇ ಸತ್ಯವಲ್ಲ.

ಅವಸರದವನು ಕ್ರಮವನ್ನು ತಲೆಕೆಳಗು ಮಾಡುತ್ತಾನೆ. ಒಂದು ಗುಂಡು ಹೊಡೆದು, ಅದು ಬಲಕ್ಕೆ ಬಿದ್ದರೆ ತಿರುಪನ್ನು ಎಡಕ್ಕೆ ತಿರುಗಿಸಿ, ಮುಂದಿನದು ಕೆಳಗೆ ಬಿದ್ದರೆ ಮೇಲಕ್ಕೆ ತಿರುಗಿಸಿ, ಸಂಜೆಯವರೆಗೂ ತಿರುಪಿನ ಸೇವೆ ಮಾಡುತ್ತಾನೆ. ಎಡ್ವರ್ಡ್ಸ್ ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಆಲಿಕೆಯಿಂದ ಗೋಲಿಗಳನ್ನು ಬೀಳಿಸಿ ಇದೇ ವಿಷಯವನ್ನು ಸಭೆಗಳಲ್ಲಿ ತೋರಿಸುತ್ತಿದ್ದ. ಆಲಿಕೆಯನ್ನು ಕದಲಿಸದೆ ಬಿಟ್ಟರೆ ಗೋಲಿಗಳು ಒಂದು ಮಿತಿಯೊಳಗೆ ಚದರುತ್ತವೆ. ಪ್ರತಿಯೊಂದು ತಪ್ಪನ್ನೂ ತಿದ್ದಲು ಹೋಗಿ ಆಲಿಕೆಯನ್ನು ಸರಿಸುತ್ತ ಬಂದರೆ ಚದರಿಕೆ ಇನ್ನೂ ಹೆಚ್ಚುತ್ತದೆ. ಆಕಸ್ಮಿಕವನ್ನು ದೋಷವೆಂದು ಭಾವಿಸಿ ತಿದ್ದುವವನು ಹೊಸ ದೋಷವನ್ನು ಸೃಷ್ಟಿಸುತ್ತಾನೆ.

ನನ್ನ ಕಸುಬಿನಿಂದ ಒಂದು ದೃಷ್ಟಾಂತ. ಉತ್ತರಪತ್ರಿಕೆಗಳನ್ನು ತಿದ್ದುವ ಪರೀಕ್ಷಕರಲ್ಲಿ ಎರಡು ಬಗೆಯವರುಂಟು. ಒಬ್ಬರು ಎಲ್ಲರಿಗೂ ಐದು ಅಂಕ ಕಡಮೆ ಕೊಡುವ ಬಿಗಿಮುಷ್ಟಿಯವರು. ಇನ್ನೊಬ್ಬರು ಬೆಳಿಗ್ಗೆ ಉದಾರಿ, ಊಟವಾದಮೇಲೆ ಮುಂಗೋಪಿ. ವಿದ್ಯಾರ್ಥಿಗಳು ಮೊದಲನೆಯವರಿಗೆ ಹೆದರುತ್ತಾರೆ. ವಾಸ್ತವವಾಗಿ ಹೆದರಬೇಕಾದದ್ದು ಎರಡನೆಯವರಿಗೆ. ಮೊದಲನೆಯವರ ತಪ್ಪು ಗುಂಪಾಗಿ ಬಿದ್ದ ತಪ್ಪು. ಮುಖ್ಯ ಪರೀಕ್ಷಕರು ಐದು ಅಂಕ ಸೇರಿಸಿದರೆ ನ್ಯಾಯ ದೊರೆಯುತ್ತದೆ. ಎರಡನೆಯವರ ಸರಾಸರಿ ಸರಿಯಾಗಿಯೇ ಇದ್ದೀತು. ಆದರೆ ಅದನ್ನು ಯಾವ ತಿರುಪಿನಿಂದಲೂ ತಿದ್ದಲಾಗದು.

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಗೆದ್ದದ್ದು ಹತ್ತು ಮೀಟರಿನ ಏರ್ ರೈಫಲ್ಲಿನಲ್ಲಿ. ಅದರಲ್ಲಿ ಮದ್ದೂ ಇಲ್ಲ, ದುರ್ಬೀನೂ ಇಲ್ಲ. ಆದರೂ ತತ್ತ್ವ ಅದೇ. ಅಂತಿಮ ಸುತ್ತಿಗೆ ಮುಂಚೆ ತಾಳೆ ನೋಡಲು ಹೊಡೆದ ಗುಂಡು ನಡುವಿನಿಂದ ಬಹುದೂರ ಬಿದ್ದು, ದರ್ಶಕ ಕದಲಿದೆಯೆಂದು ತಿಳಿದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಇದ್ದ ಕೆಲವೇ ನಿಮಿಷಗಳಲ್ಲಿ ಅದನ್ನು ತಿದ್ದಿಕೊಂಡು, ಕಡೆಯ ಗುಂಡಿಗೆ 10.8 ಪಡೆದು ಚಿನ್ನ ಗೆದ್ದರು. ವರ್ಷಗಟ್ಟಲೆ ಬಿಗಿದಿದ್ದ ಗುಂಪು ಇಲ್ಲದಿದ್ದರೆ, ಆ ದೂರ ಬಿದ್ದ ಗುಂಡು ಕೈಯ ತಪ್ಪೋ ದರ್ಶಕದ ತಪ್ಪೋ ಎಂದು ತಿಳಿಯುತ್ತಿದ್ದುದಾದರೂ ಹೇಗೆ? ತನ್ನ ಚದರಿಕೆಯನ್ನು ಬಲ್ಲವನಿಗೆ ಮಾತ್ರ ತಿರುಪನ್ನು ಮುಟ್ಟುವ ಅಧಿಕಾರ.

ಕೈಲ್ ಮುಹೂರ್ತದ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಆಯುಧವನ್ನು ಆಟಕ್ಕೆ ಎತ್ತಿಕೊಳ್ಳುವ ಮುನ್ನ ಅದಕ್ಕೆ ಕೈಮುಗಿಯುವುದರಲ್ಲಿ ಅರ್ಥವಿದೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವೆಂಬುದನ್ನೂ ಇಲ್ಲಿ ಹೇಳಬೇಕು. ಇದು ಕೊಲ್ಲಬಲ್ಲ ವಸ್ತುವಿನ ಶಾಸ್ತ್ರ. ಕಾಗದದ ಮೇಲಿನ ತೂತುಗಳ ಸೊಗಸಿನಲ್ಲಿ ಅದನ್ನು ಮರೆಯಲಾಗದು.

ಅರ್ಜುನನಿಂದ ಹೊರಟ ಈ ಮಾತು ದಶರಥನ ಬಳಿ ನಿಲ್ಲುವುದು ಯುಕ್ತವೆಂದು ನನ್ನ ಭಾವನೆ. ದಶರಥ ಶಬ್ದವೇಧಿ. ಸರಯೂ ತೀರದ ಕತ್ತಲೆಯಲ್ಲಿ ಅವನು ಬಿಟ್ಟ ಬಾಣ ಒಂದೆಳೆಯೂ ತಪ್ಪಲಿಲ್ಲ. ಸದ್ದು ಎಲ್ಲಿಂದ ಬಂತೋ ಅಲ್ಲಿಗೇ ನಟ್ಟಿತು. ಆನೆ ನೀರು ಕುಡಿಯುತ್ತಿದೆಯೆಂದು ಅವನು ತಿಳಿದಿದ್ದ. ಕೊಡದಲ್ಲಿ ನೀರು ತುಂಬುತ್ತಿದ್ದವನು ಕುರುಡ ತಂದೆತಾಯಿಯರ ಮಗ. ಬಾಣ ಸರಿಯಾಗಿತ್ತು, ಬಿಲ್ಲು ಸರಿಯಾಗಿತ್ತು, ಕೈ ಸರಿಯಾಗಿತ್ತು. ತೋಟಾ ತುಂಬುವ ಮೇಜಿನ ತಾಳ್ಮೆ ಗುಂಪನ್ನು ಬಿಗಿಮಾಡೀತು. ತಿರುಪು ಅದನ್ನು ಬಿಂದುವಿಗೆ ತಂದೀತು. ಆ ಬಿಂದುವಿನಲ್ಲಿ ಇರುವುದು ಏನು, ಅದರ ಹಿಂದೆ ಇರುವವರು ಯಾರು ಎಂಬುದನ್ನು ನೋಡಿಕೊಳ್ಳುವ ಹೊಣೆ ಮಾತ್ರ ಯಾವ ದುರ್ಬೀನಿಗೂ ಸೇರಿದ್ದಲ್ಲ. ಅದನ್ನು ನೋಡಿ ತಿಳಿಯುವವರೆಗೆ ಬೆರಳನ್ನು ತಡೆಯಬಲ್ಲವನೇ ನಿಜವಾದ ಗುರಿಗಾರ.